ಗಣಕಯಂತ್ರವೂ ಕಲಾ ವಿದ್ಯಾರ್ಥಿಯೂ

‘ಆರ್ಟ್ಸ್ ಓದುವವನಿಗೆ ಕಂಪ್ಯೂಟರು ಏತಕ್ಕೆ?’ ಎಂದು ನನ್ನನ್ನು ಕೇಳಿದವರು ಹಲವರು. ಬಂಧುಗಳು ಕೇಳಿದ್ದಾರೆ, ವಠಾರದವರು ಕೇಳಿದ್ದಾರೆ, ನಮ್ಮ ತರಗತಿಯ ಗೆಳೆಯರೂ ಕೇಳಿದ್ದಾರೆ. ಕೇಳುವ ದನಿಯಲ್ಲಿ ಕುಚೋದ್ಯವೇನೂ ಇರುವುದಿಲ್ಲ. ಮೀನು ತಿನ್ನದವನು ಗಾಳವನ್ನೇಕೆ ಕೊಂಡ ಎಂದು ಕೇಳುವಷ್ಟೇ ಸಹಜವಾಗಿ ಕೇಳುತ್ತಾರೆ. ಚರಿತ್ರೆ, ರಾಜ್ಯಶಾಸ್ತ್ರ ಮತ್ತು ಐಚ್ಛಿಕ ಕನ್ನಡವನ್ನು ತೆಗೆದುಕೊಂಡವನು ನೋಟ್ಸು ಬರೆದುಕೊಳ್ಳಬೇಕು, ಪರೀಕ್ಷೆಗೆ ಕೂರಬೇಕು, ಆಮೇಲೆ ಬಿ.ಎಡ್. ಮಾಡಬೇಕು, ಇಲ್ಲವೇ ಕೆ.ಎ.ಎಸ್. ಪರೀಕ್ಷೆಯ ಪುಸ್ತಕಗಳನ್ನು ತಲೆದಿಂಬು ಮಾಡಿಕೊಂಡು ಮಲಗಬೇಕು. ಗಣಕಯಂತ್ರವೆಂಬುದು ವಿಜ್ಞಾನದವರ, ವಾಣಿಜ್ಯದವರ, ಇಂಜಿನಿಯರಿಂಗಿನವರ ಸ್ವತ್ತು. ಈ ಅಭಿಪ್ರಾಯವು ಸರಿಯಲ್ಲವೆಂದು ನನ್ನ ನಂಬಿಕೆ. ಸರಿಯಲ್ಲದಿರುವುದು ಮಾತ್ರವಲ್ಲ, ನಮ್ಮಂಥವರಿಗೆ ಅದು ಹಾನಿಕರವೆಂದೂ ನನ್ನ ನಂಬಿಕೆ. ಹೀಗೆ ನಂಬಲು ನನಗೆ ಮೊದಲು ಕಾರಣವಾದದ್ದು ಯಾವ ಪುಸ್ತಕವೂ ಅಲ್ಲ, ನನ್ನ ತಂದೆಯವರ ಮಗ್ಗ.

ನಾವು ಇರುವುದು ಮೂಡಲಪಾಳ್ಯದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ. ತಂದೆಯವರು ಇಪ್ಪತ್ತೆರಡು ವರ್ಷಗಳಿಂದ ಮಾಗಡಿ ರಸ್ತೆಯ ಆಚೆಗಿನ ಒಂದು ಷೆಡ್ಡಿನಲ್ಲಿ ರೇಷ್ಮೆ ಸೀರೆಯ ಪವರ್‌ಲೂಮು ನಡೆಸುತ್ತಾರೆ. ಮಗ್ಗ ಅವರದಲ್ಲ, ದುಡಿಮೆ ಮಾತ್ರ ಅವರದು. ಅವರು ಓದಿದ್ದು ನಾಲ್ಕನೆಯ ತರಗತಿಯವರೆಗೆ. ತಾಯಿಯವರು ಶಾಲೆಯ ಮೆಟ್ಟಿಲನ್ನೇ ಹತ್ತಿದವರಲ್ಲ. ನಮ್ಮ ಮನೆಯಲ್ಲಿ ಪದವಿಯ ಹತ್ತಿರ ಬಂದವನು ನಾನೇ ಮೊದಲಿಗ. ಚಿಕ್ಕಂದಿನಲ್ಲಿ ರಜೆ ಬಂದರೆ ಮಧ್ಯಾಹ್ನದ ಬುತ್ತಿಯನ್ನು ಒಯ್ದು ಕೊಡುವುದು ನನ್ನ ಕೆಲಸವಾಗಿತ್ತು. ಆ ಷೆಡ್ಡಿನಲ್ಲಿ ನಾಲ್ಕು ಮಗ್ಗಗಳು ಒಟ್ಟಿಗೆ ಓಡುತ್ತಿದ್ದರೆ ನಮ್ಮ ಮಾತು ನಮಗೇ ಕೇಳಿಸುವುದಿಲ್ಲ. ಲಾಳಿಯ ಬಡಿತಕ್ಕೆ ನೆಲ ನಡುಗುತ್ತದೆ. ಆದರೆ ನನ್ನ ಕಣ್ಣು ಇರುತ್ತಿದ್ದುದು ಲಾಳಿಯ ಮೇಲಲ್ಲ, ಮಗ್ಗದ ನೆತ್ತಿಯ ಮೇಲೆ. ಅಲ್ಲಿ ರಟ್ಟಿನ ಪಟ್ಟಿಗಳನ್ನು ಒಂದಕ್ಕೊಂದು ದಾರದಿಂದ ಹೊಲಿದು ಮಾಡಿದ ಉದ್ದನೆಯ ಮಾಲೆಯೊಂದು, ಒಂದೊಂದು ಎಳೆಗೂ ಒಂದೊಂದು ಪಟ್ಟಿಯಂತೆ, ಕಟಕಟನೆ ತಿರುಗುತ್ತಿತ್ತು. ಪಟ್ಟಿಗಳ ತುಂಬ ತೂತುಗಳು.

ಒಂದು ದಿನ ಕರೆಂಟು ಹೋಗಿ ಷೆಡ್ಡು ನಿಶ್ಶಬ್ದವಾಗಿದ್ದಾಗ, ಈ ತೂತುಗಳೇಕೆಂದು ಕೇಳಿದೆ. ತಂದೆಯವರು ಅನ್ನ ಕಲಸುತ್ತಲೇ ಹೇಳಿದರು: ‘ಅಷ್ಟೇ ಕಣಪ್ಪ. ತೂತು ಇದ್ರೆ ಅದರ ಎಳೆ ಮೇಲಕ್ಕೆ ಏಳ್ತದೆ. ತೂತು ಇಲ್ದಿದ್ರೆ ಏಳಲ್ಲ. ಹಂಸ ಬರ್ಬೇಕೋ ಮಾವಿನಕಾಯಿ ಬರ್ಬೇಕೋ, ಎಲ್ಲಾ ಆ ತೂತಲ್ಲೇ ಬರ್ದವ್ರೆ.’

ಹತ್ತು ವರ್ಷಗಳ ತರುವಾಯ ಗ್ರಂಥಾಲಯದ ಪುಸ್ತಕವೊಂದರಲ್ಲಿ ಗಣಕಯಂತ್ರದ ಚರಿತ್ರೆಯನ್ನು ಓದುತ್ತಿದ್ದಾಗ, ಫ್ರಾನ್ಸಿನ ಲಿಯೋನ್ ಪಟ್ಟಣದ ಜೋಸೆಫ್ ಮಾರಿ ಜಕಾರ್ಡನ ಹೆಸರು ಬಂದಿತು. ನಮ್ಮ ಷೆಡ್ಡಿನವರು ಮಗ್ಗದ ಆ ಮೇಲ್ಭಾಗವನ್ನು ಕರೆಯುವುದೇ ‘ಜಕಾರ್ಡು’ ಎಂದು. ಅದು ಒಬ್ಬ ಮನುಷ್ಯನ ಹೆಸರೆಂಬುದು ಅಲ್ಲಿ ಯಾರಿಗೂ ತಿಳಿಯದು; ನನಗೂ ತಿಳಿದಿರಲಿಲ್ಲ. 1804ರಲ್ಲಿ ಅವನು ಈ ಸಾಧನವನ್ನು ಸಿದ್ಧಪಡಿಸಿದ. ಅದಕ್ಕೆ ಮುಂಚೆ ಚಿತ್ತಾರದ ಬಟ್ಟೆಯನ್ನು ನೇಯಬೇಕಾದರೆ ನೇಕಾರನಲ್ಲದೆ ಇನ್ನೊಬ್ಬನು, ಬಹುಮಟ್ಟಿಗೆ ಒಬ್ಬ ಹುಡುಗ, ಕುಳಿತು ಬೇಕಾದ ಎಳೆಗಳನ್ನು ಕೈಯಿಂದ ಎಳೆದು ಎತ್ತಬೇಕಾಗಿತ್ತು. ಜಕಾರ್ಡನು ಆ ಹುಡುಗನ ನೆನಪನ್ನು ರಟ್ಟಿನ ಮೇಲೆ ತೂತುಗಳಾಗಿ ಇಳಿಸಿದ. ಸೂಜಿಯು ತೂತಿನೊಳಗೆ ನುಸುಳಿದರೆ ಕೊಕ್ಕೆಯು ಎಳೆಯನ್ನು ಎತ್ತುತ್ತದೆ. ರಟ್ಟು ಅಡ್ಡವಾದರೆ ಕೊಕ್ಕೆ ಹಿಂದೆ ಸರಿದು ಎಳೆಯು ಇದ್ದಲ್ಲೇ ಇರುತ್ತದೆ. ಇದೆ, ಇಲ್ಲ. ಈ ಎರಡೇ ಮಾತುಗಳಿಂದ ಎಂಥ ಹೂವನ್ನಾದರೂ ಬಿಡಿಸಬಹುದು.

ಲಂಡನ್ನಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜನು 1830ರ ದಶಕದಲ್ಲಿ ಎಲ್ಲ ಬಗೆಯ ಲೆಕ್ಕಗಳನ್ನೂ ಮಾಡಬಲ್ಲ ಯಂತ್ರವೊಂದನ್ನು ಕಲ್ಪಿಸಿಕೊಂಡಾಗ, ಯಂತ್ರಕ್ಕೆ ಆಜ್ಞೆಯನ್ನು ಕೊಡುವುದು ಹೇಗೆಂಬ ಪ್ರಶ್ನೆಗೆ ಉತ್ತರವಾಗಿ ದೊರೆತದ್ದು ಈ ರಟ್ಟಿನ ಪಟ್ಟಿಯೇ. ಸುಮಾರು 24,000 ಪಟ್ಟಿಗಳನ್ನು ಬಳಸಿ ರೇಷ್ಮೆಯಲ್ಲಿ ನೇಯ್ದ ಜಕಾರ್ಡನ ಭಾವಚಿತ್ರವೊಂದನ್ನು ಬ್ಯಾಬೇಜನು ತನ್ನ ಮನೆಯಲ್ಲಿ ಇಟ್ಟುಕೊಂಡಿದ್ದನಂತೆ. ಅವನ ಯಂತ್ರ ಪೂರ್ಣವಾಗಲೇ ಇಲ್ಲ. ಆದರೆ 1843ರಲ್ಲಿ ಆ ಯಂತ್ರವನ್ನು ಕುರಿತು ವಿವರವಾದ ಟಿಪ್ಪಣಿಗಳನ್ನು ಬರೆದ ಏಡಾ ಲವ್‌ಲೇಸ್ ಎಂಬ ಮಹಿಳೆಯು, ಮಗ್ಗವು ಹೂವು ಎಲೆಗಳನ್ನು ನೇಯುವುದಕ್ಕೆ ಈ ಯಂತ್ರವು ಬೀಜಗಣಿತವನ್ನು ನೇಯುವುದನ್ನು ಹೋಲಿಸಿದಳು. ಸಂಖ್ಯೆಗಳಲ್ಲದೆ ಸಂಗೀತದಂಥ ಬೇರೆ ವಿಷಯಗಳ ಮೇಲೂ ಇಂಥ ಯಂತ್ರವು ಕೆಲಸ ಮಾಡಬಹುದೆಂದಳು. ಅವಳು ಕವಿ ಬೈರನ್ನನ ಮಗಳು. ಕಲಾ ವಿಭಾಗದವರಿಗೂ ಗಣಕಕ್ಕೂ ನಂಟಿಲ್ಲವೆನ್ನುವವರು ಈ ಸಂಗತಿಯನ್ನು ಸ್ವಲ್ಪ ಗಮನಿಸಬೇಕು.

ಮುಂದಿನ ಕಥೆ ಪುಸ್ತಕಗಳಲ್ಲೆಲ್ಲ ಇದೆ. ನಾನು ಬೇಗ ಹೇಳಿ ಮುಗಿಸುತ್ತೇನೆ. ಅಮೆರಿಕಾದ 1890ರ ಜನಗಣತಿಯಲ್ಲಿ ಹರ್ಮನ್ ಹೊಲೆರಿತ್ ಎಂಬಾತನು ತೂತು ಹೊಡೆದ ಕಾರ್ಡುಗಳಿಂದಲೇ ಎಣಿಕೆಯನ್ನು ನಡೆಸಿದ. ಅವನ ಉದ್ಯಮವು ಬೇರೆ ಕೆಲವು ಕಂಪನಿಗಳೊಡನೆ ಕೂಡಿ, 1924ರಲ್ಲಿ ಐ.ಬಿ.ಎಂ. ಎಂಬ ಹೆಸರನ್ನು ಪಡೆಯಿತು. 1946ರಲ್ಲಿ ಫಿಲಡೆಲ್ಫಿಯಾದಲ್ಲಿ ಪ್ರದರ್ಶಿತವಾದ ‘ಎನಿಯಾಕ್’ ಯಂತ್ರದಲ್ಲಿ ಸುಮಾರು 18,000 ವಾಲ್ವುಗಳು. ತೂಕ 30 ಟನ್ನು. ಸೆಕೆಂಡಿಗೆ 5,000 ಸಂಕಲನ. ಅದಕ್ಕೆ ಕೆಲಸವನ್ನು ಹೇಳಿಕೊಡುತ್ತಿದ್ದವರು ಆರು ಮಂದಿ ಯುವತಿಯರು. ಹೇಳಿಕೊಡುವುದೆಂದರೆ ತಂತಿಗಳನ್ನು ಕಿತ್ತು ಬೇರೆ ಕಡೆ ಸಿಕ್ಕಿಸುವುದು. ಬಹುಕಾಲದವರೆಗೆ ಇವರ ಹೆಸರುಗಳೇ ಹೊರಗೆ ತಿಳಿದಿರಲಿಲ್ಲ. ‘ಕಂಪ್ಯೂಟರ್’ ಎಂಬ ಪದವು ಮೊದಲು ಯಂತ್ರದ ಹೆಸರಾಗಿರಲಿಲ್ಲ, ಲೆಕ್ಕ ಮಾಡುವ ಇಂಥ ಮನುಷ್ಯರ ಹೆಸರಾಗಿತ್ತು. ಯಂತ್ರ ಬಂದು ಅವರ ಕೆಲಸವನ್ನಷ್ಟೇ ಅಲ್ಲ, ಹೆಸರನ್ನೂ ತೆಗೆದುಕೊಂಡಿತು.

1947ರಲ್ಲಿ ಟ್ರಾನ್ಸಿಸ್ಟರು ಬಂದಿತು. ದೀಪದ ಬುರುಡೆಯಷ್ಟಿದ್ದ ವಾಲ್ವಿನ ಕೆಲಸವನ್ನು ಕಡಲೆಬೇಳೆಯಷ್ಟು ವಸ್ತುವು ಮಾಡತೊಡಗಿತು. ಆಮೇಲೆ ಅನೇಕ ಟ್ರಾನ್ಸಿಸ್ಟರುಗಳನ್ನು ಒಂದೇ ಸಿಲಿಕಾನ್ ಬಿಲ್ಲೆಯ ಮೇಲೆ ಬಿಡಿಸುವ ವಿದ್ಯೆ ಸಿದ್ಧಿಸಿ, 1971ರಲ್ಲಿ ಇಂಟೆಲ್ ಕಂಪನಿಯು ಮಾರುಕಟ್ಟೆಗೆ ತಂದ 4004 ಎಂಬ ಬಿಲ್ಲೆಯಲ್ಲಿ 2,300 ಟ್ರಾನ್ಸಿಸ್ಟರುಗಳಿದ್ದವು. 1977ರಲ್ಲಿ ಆಪಲ್ ಕಂಪನಿಯ ಎರಡನೆಯ ಯಂತ್ರ, 1981ರಲ್ಲಿ ಐ.ಬಿ.ಎಂ. ಕಂಪನಿಯ ಪಿ.ಸಿ. ಬಂದವು. ಪಿ.ಸಿ. ಎಂದರೆ ಪರ್ಸನಲ್ ಕಂಪ್ಯೂಟರ್. ಅವರವರ ಸ್ವಂತ ಗಣಕ. ಹಜಾರವನ್ನು ತುಂಬುತ್ತಿದ್ದ ಯಂತ್ರವು ಮೇಜಿನ ಮೇಲೆ ಬಂದು ಕುಳಿತಿತು. ನಮ್ಮ ದೇಶದಲ್ಲಿ ಕಲ್ಕತ್ತೆಯ ಸಂಖ್ಯಾಶಾಸ್ತ್ರ ಸಂಸ್ಥೆಗೆ 1955ರಲ್ಲಿ ಇಂಗ್ಲೆಂಡಿನಿಂದ ಒಂದು ಗಣಕ ಬಂದಿತ್ತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 1960ರಲ್ಲಿ ತಾವೇ ಒಂದನ್ನು ಕಟ್ಟಿ ನಿಲ್ಲಿಸಿದ್ದರು. ಬೆಂಗಳೂರಿನ ವಿಷಯವನ್ನು ಹೇಳುವುದೇ ಬೇಡ. 1983ರಲ್ಲಿ ಪುಣೆಯಿಂದ ಇಲ್ಲಿಗೆ ಬಂದ ಇನ್ಫೋಸಿಸ್ ಕಂಪನಿಯು ತನ್ನ ಮೊದಲ ಸ್ವಂತ ಗಣಕವನ್ನು ಕೊಂಡದ್ದೂ ಅದೇ ವರ್ಷ. ಅಂದರೆ ಹುಟ್ಟಿ ಎರಡು ವರ್ಷಗಳವರೆಗೆ ಆ ಕಂಪನಿಗೇ ತನ್ನದೆಂಬ ಗಣಕವಿರಲಿಲ್ಲ. 1985ರಲ್ಲಿ ಟೆಕ್ಸಾಸ್ ಇನ್ಸ್ಟ್ರುಮೆಂಟ್ಸ್ ಬಂದಿತು. ಉಳಿದದ್ದು ಎಲ್ಲರಿಗೂ ತಿಳಿದೇ ಇದೆ.

ಇಲ್ಲಿ ನಾನು ಒಂದು ಕ್ಷಣ ನಿಲ್ಲುತ್ತೇನೆ. ಈ ಚರಿತ್ರೆಯನ್ನು ಬರೆದವರೆಲ್ಲ ಯಂತ್ರವು ದೊಡ್ಡದರಿಂದ ಚಿಕ್ಕದಾಯಿತು, ನಿಧಾನದಿಂದ ವೇಗಕ್ಕೆ ಬಂದಿತು, ದುಬಾರಿಯಿಂದ ಅಗ್ಗವಾಯಿತು ಎಂದು ಹೇಳಿ ಸಂತೋಷಪಡುತ್ತಾರೆ. ಸಂತೋಷಪಡಬೇಕಾದದ್ದೇ. ಆದರೆ ಮೇಜಿನ ಮೇಲೆ ಬಂದು ಕುಳಿತ ಮಾತ್ರಕ್ಕೆ ಆ ಯಂತ್ರವು ‘ಸ್ವಂತ’ದ್ದಾಯಿತೇ? ಐ.ಬಿ.ಎಂ. ಪಿ.ಸಿ. ಬಂದಾಗ ಅದರ ಮುಂದೆ ಕುಳಿತ ಕನ್ನಡಿಗನಿಗೆ ‘ಅಮ್ಮ’ ಎಂದು ಬರೆಯಲು ಬರುತ್ತಿರಲಿಲ್ಲ. ನಮ್ಮ ಅಮ್ಮನನ್ನು ಕರೆಯಲು ಬಿಡದ ಯಂತ್ರವನ್ನು ಸ್ವಂತದ್ದೆನ್ನುವುದು ಹೇಗೆ? ಆದುದರಿಂದ ಸ್ವಂತ ಗಣಕದ ಚರಿತ್ರೆಯು ನಮ್ಮ ಪಾಲಿಗೆ 1981ರಲ್ಲಿ ಪ್ರಾರಂಭವಾಗುವುದಿಲ್ಲ. ಕನ್ನಡದ ಅಕ್ಷರವು ಪರದೆಯ ಮೇಲೆ ಮೂಡಿದಂದಿನಿಂದ ಪ್ರಾರಂಭವಾಗುತ್ತದೆ.

ಅದು ಸುಲಭದ ಕೆಲಸವಾಗಿರಲಿಲ್ಲ. ಇಂಗ್ಲಿಷಿಗೆ 26 ಅಕ್ಷರ, ಕೀಲಿಮಣೆಯಲ್ಲಿ ಅಷ್ಟೇ ಕೀಲಿ. ನಮಗೆ ಅಕ್ಷರಗಳು 49. ಅವಕ್ಕೆ ಕಾಗುಣಿತ, ಒತ್ತು, ಒತ್ತಿಗೆ ಮತ್ತೆ ಒತ್ತು. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಕನ್ನಡದ ಕಂಪಾಜಿಟರನ ಮುಂದೆ ನೂರಾರು ಗೂಡುಗಳಿರುತ್ತಿದ್ದವು. ಇವನ್ನೆಲ್ಲ ಇಂಗ್ಲಿಷಿನ ಕೀಲಿಮಣೆಯೊಳಗೆ ಅಡಗಿಸಬೇಕು. ಅಡಗಿಸಿದರೂ ಬರೆಯುವವನಿಗೆ ಬಾಯಿಪಾಠದ ಹೊರೆಯಾಗಬಾರದು. ದಕ್ಷಿಣ ಕನ್ನಡದ ಕಿನ್ನಿಕಂಬಳದ ಪದ್ಮನಾಭ ರಾಯರು, ಕೆ. ಪಿ. ರಾವ್ ಎಂದು ಹೆಸರಾದವರು, ಈ ತೊಡಕನ್ನು ಬಿಡಿಸಿದ ಬಗೆಯು ನನಗೆ ಒಂದು ಒಳ್ಳೆಯ ವ್ಯಾಕರಣಸೂತ್ರದಂತೆ ಕಾಣುತ್ತದೆ. ರೂಪಗಳನ್ನು ಎಣಿಸುವ ಗೊಡವೆಗೆ ಅವರು ಹೋಗಲಿಲ್ಲ, ಉಚ್ಚಾರಣೆಯನ್ನು ಹಿಡಿದರು. ಕ ಎಂಬುದಕ್ಕೆ ಕೆ ಕೀಲಿ, ಗ ಎಂಬುದಕ್ಕೆ ಜಿ ಕೀಲಿ, ಮ ಎಂಬುದಕ್ಕೆ ಎಮ್ ಕೀಲಿ. ಒತ್ತಕ್ಷರ ಬೇಕಾದರೆ ನಡುವೆ ಎಫ್ ಕೀಲಿಯನ್ನು ಒತ್ತಿದರಾಯಿತು. ‘ಮಗ್ಗ’ ಎಂದು ಬರೆಯಬೇಕೇ? ಎಮ್, ಜಿ, ಎಫ್, ಜಿ. ನಾಲ್ಕೇ ಬೆರಳೇಟು. ಈ ವಿನ್ಯಾಸವನ್ನೇ ಅಲ್ಪಸ್ವಲ್ಪ ಬದಲಾವಣೆಗಳೊಡನೆ ಕರ್ನಾಟಕ ಸರ್ಕಾರವು ಅಧಿಕೃತ ಕೀಲಿಮಣೆಯನ್ನಾಗಿ ಅಂಗೀಕರಿಸಿತು. ಈ ರಾಯರೇ ಮುಂಬಯಿಯಲ್ಲಿದ್ದಾಗ ಸಿಂಧೂ ಕಣಿವೆಯ ಲಿಪಿಯ ಅಧ್ಯಯನಕ್ಕೆ ಗಣಕವನ್ನು ಬಳಸುವ ಕೆಲಸದಲ್ಲಿ ಐರಾವತಂ ಮಹಾದೇವನ್ ಅವರಿಗೆ ನೆರವಾದವರು. ಚರಿತ್ರೆಯ ವಿದ್ಯಾರ್ಥಿಗಳಾದ ನಾವು ಮೊದಲ ವರ್ಷದಲ್ಲೇ ಸಿಂಧೂ ಲಿಪಿಯ ಪಾಠವನ್ನು ಕೇಳುತ್ತೇವೆ. ಈ ಮಾತನ್ನು ಮಾತ್ರ ಕೇಳಿರುವುದಿಲ್ಲ.

1998ರಲ್ಲಿ ಅಮೆರಿಕಾದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ ಅವರು ‘ಬರಹ’ ತಂತ್ರಾಂಶವನ್ನು ಹೊರತಂದರು. ಕನ್ನಡ ಗಣಕ ಪರಿಷತ್ತಿನವರು ಸರ್ಕಾರದ ಬೆಂಬಲದಿಂದ ‘ನುಡಿ’ಯನ್ನು ಸಿದ್ಧಪಡಿಸಿದರು, ಅದು ಉಚಿತವಾಗಿ ಎಲ್ಲರ ಕೈಗೂ ಬಂದಿತು. ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ತೀರಿಕೊಳ್ಳುವ ಮುನ್ನಿನ ವರ್ಷಗಳಲ್ಲಿ ಕಾಡು, ಹಕ್ಕಿ, ಫೋಟೋಗಳ ನಡುವೆ ಕನ್ನಡ ತಂತ್ರಾಂಶದ ಕೊರತೆಯನ್ನೂ ತಲೆಗೆ ಹಚ್ಚಿಕೊಂಡಿದ್ದರು. ಇವರೆಲ್ಲರನ್ನೂ ಒಟ್ಟಿಗೆ ನೆನೆದಾಗ ನನಗೆ ಅನ್ನಿಸುವುದು ಇಷ್ಟು: ದೊಡ್ಡ ದೊಡ್ಡ ಕಂಪನಿಗಳಿರುವ ಈ ಊರಿನಲ್ಲಿ ಕನ್ನಡವನ್ನು ಗಣಕದೊಳಗೆ ಮೊದಲು ಕರೆದುಕೊಂಡು ಹೋದವರು ಕಂಪನಿಗಳಲ್ಲ, ಭಾಷೆಯ ಹುಚ್ಚು ಹತ್ತಿದ ಕೆಲವು ಮಂದಿ.

ಆಮೇಲೆ ಯೂನಿಕೋಡ್. ಜಗತ್ತಿನ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಖಾಯಂ ಸಂಖ್ಯೆಯನ್ನು ಕೊಡುವ ಏರ್ಪಾಡು ಇದು. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳನ್ನು ಬಿಟ್ಟಿದ್ದರು. 2001ರಲ್ಲಿ ಬಂದ ವಿಂಡೋಸ್ ಎಕ್ಸ್.ಪಿ.ಯಲ್ಲಿ ‘ತುಂಗಾ’ ಎಂಬ ಕನ್ನಡ ಅಕ್ಷರವಿನ್ಯಾಸ ಸೇರಿತು. ನಮ್ಮ ‘ಮಗ್ಗ’ವನ್ನು ಗಣಕವು ನೆನಪಿಟ್ಟುಕೊಳ್ಳುವುದು 3246, 3223, 3277, 3223 ಎಂಬ ನಾಲ್ಕು ಸಂಖ್ಯೆಗಳಾಗಿ: ಮ, ಗ, ಅರ್ಧಾಕ್ಷರದ ಚಿಹ್ನೆ, ಮತ್ತೆ ಗ. ಆ ಸಂಖ್ಯೆಗಳೋ, ಯಂತ್ರದ ಹೊಟ್ಟೆಯೊಳಗೆ ಬರೀ ಒಂದು ಮತ್ತು ಸೊನ್ನೆ. ಇದೆ, ಇಲ್ಲ, ತೂತು ಇದೆ, ತೂತು ಇಲ್ಲ. ತಂದೆಯವರು ಅನ್ನ ಕಲಸುತ್ತ ಹೇಳಿದ ಮಾತು.

ಕನ್ನಡವನ್ನು ಬಲ್ಲ ಗಣಕದಿಂದ ಬಡವರಿಗೇನು ಎಂದು ಕೇಳುವವರಿಗೆ ಒಂದು ನಿದರ್ಶನವನ್ನು ಕೊಡಬಲ್ಲೆ. ನಮ್ಮ ಅಜ್ಜಿಗೆ ಮಾಗಡಿ ತಾಲ್ಲೂಕಿನಲ್ಲಿ ಒಂದು ಎಕರೆ ಹತ್ತು ಗುಂಟೆ ರಾಗಿಯ ಹೊಲವಿದೆ. ಅದರ ಪಹಣಿಯು ಮೊದಲು ಕೈಬರಹದಲ್ಲಿತ್ತು. ಆ ಬರಹವನ್ನು ಬಿಡಿಸಿ ಓದಬಲ್ಲವರು ಊರಿನಲ್ಲಿ ಒಬ್ಬಿಬ್ಬರು ಮಾತ್ರ. ‘ಭೂಮಿ’ ಯೋಜನೆಯು 2001ರ ಸುಮಾರಿಗೆ ರಾಜ್ಯದ ತಾಲ್ಲೂಕುಗಳಲ್ಲೆಲ್ಲ ಹರಡಿ, ಸುಮಾರು ಎರಡು ಕೋಟಿ ಪಹಣಿಗಳು ಗಣಕದೊಳಗೆ ಸೇರಿದವು. ಹದಿನೈದು ರೂಪಾಯಿ ಕೊಟ್ಟರೆ ಅಚ್ಚಿನ ಪಹಣಿ ಕೈಗೆ ಬರುವಂತಾಯಿತು. ನಾನು ಐದನೆಯ ತರಗತಿಯಲ್ಲಿದ್ದಾಗ ಅಜ್ಜಿ ತನ್ನ ಟ್ರಂಕಿನಿಂದ ಆ ಹಾಳೆಯನ್ನು ತೆಗೆದು ‘ಓದು’ ಎಂದಳು. ಸರ್ವೆ ನಂಬರು, ವಿಸ್ತೀರ್ಣ, ಅವಳ ಹೆಸರು, ಎಲ್ಲವನ್ನೂ ಓದಿದೆ. ತನ್ನ ಹೆಸರು ಬಂದಾಗ ‘ಇನ್ನೊಂದ್ಸಲ ಓದು’ ಎಂದಳು. ಓದಿದೆ. ಇಂಗ್ಲಿಷಿನಲ್ಲಿ ಅಚ್ಚಾಗಿದ್ದರೆ ಅಂದು ನನ್ನಿಂದಲೂ ಆಗುತ್ತಿರಲಿಲ್ಲ.

ಆದರೆ ಪಹಣಿಯನ್ನು ಓದುವುದು ಒಂದು, ಯಂತ್ರದ ಮುಂದೆ ತಾನೇ ಕೂರುವುದು ಇನ್ನೊಂದು. ಅದಕ್ಕೂ ನಮ್ಮ ಊರಿನಲ್ಲೇ ಒಂದು ಪ್ರಯತ್ನ ನಡೆದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯ ಇಂಜಿನಿಯರರೂ ಕೂಡಿ ‘ಸಿಂಪ್ಯೂಟರ್’ ಎಂಬ ಅಂಗೈಯಗಲದ ಗಣಕವನ್ನು ರೂಪಿಸಿದರು. ಪರದೆಯ ಮೇಲೆ ಕಡ್ಡಿಯಿಂದ ಬರೆಯಬಹುದು. ಓದುಬಾರದವರಿಗೆ ಯಂತ್ರವೇ ಓದಿ ಹೇಳಬೇಕು. ಒಂದು ಯಂತ್ರವನ್ನು ಊರಿನ ಹಲವರು ತಮ್ಮ ತಮ್ಮ ಕಾರ್ಡು ಹಾಕಿ ಬಳಸಬಹುದು. 2004ರಲ್ಲಿ ‘ಅಮಿಡಾ’ ಎಂಬ ಹೆಸರಿನಲ್ಲಿ ಅದನ್ನು ತಯಾರಿಸಿದವರು ನಮ್ಮ ಭಾರತ್ ಎಲೆಕ್ಟ್ರಾನಿಕ್ಸ್‌ನವರು. ಐಫೋನು ಬಂದದ್ದು ಅದಾದ ಮೂರು ವರ್ಷಗಳ ಮೇಲೆ, 2007ರಲ್ಲಿ! ಆದರೂ ಸಿಂಪ್ಯೂಟರ್ ಮಾರಾಟವಾಗಲಿಲ್ಲ. ಯಾರಿಗಾಗಿ ಮಾಡಿದರೋ ಅವರ ಕೈಗೆ ಅದು ತಲುಪಲೇ ಇಲ್ಲ. ಒಳ್ಳೆಯ ಯಂತ್ರವಿದ್ದರೆ ಸಾಲದು, ಅದನ್ನು ಕೈಗೆ ಕೊಟ್ಟು ಪಕ್ಕದಲ್ಲಿ ಕುಳಿತು ಕಲಿಸುವವರೂ ಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಇನ್ನು ನನ್ನ ಸ್ವಂತ ಅನುಭವ. ಕಳೆದ ವರ್ಷ ಐಚ್ಛಿಕ ಕನ್ನಡದ ಕಿರುಪ್ರಬಂಧಕ್ಕಾಗಿ ನಾನು ಮಗ್ಗದ ಕೆಲಸದ ಮಾತುಗಳನ್ನು ಸಂಗ್ರಹಿಸಿದೆ. ಹಾಸು, ಹೊಕ್ಕು, ಕಂಡಿಕೆ, ಹಣಿಗೆ, ಲಾಳಿ ಮೊದಲಾದ ನೂರ ನಲವತ್ತು ಮಾತುಗಳು. ತಂದೆಯವರೂ ಅವರ ಜೊತೆಯವರೂ ಹೇಳಿದಂತೆಯೇ ಬರೆದುಕೊಂಡದ್ದು. ಟೈಪಿಸಬೇಕೆಂದರು. ನನಗೆ ಟೈಪು ಬಾರದು. ಹತ್ತಿರದ ಅಂಗಡಿಯೊಂದರಲ್ಲಿ ಪುಟಕ್ಕೆ ಇಪ್ಪತ್ತೈದು ರೂಪಾಯಿಯಂತೆ ಮೂವತ್ತೆರಡು ಪುಟಗಳನ್ನು ಟೈಪು ಮಾಡಿಸಿದೆ. ಎಂಟು ನೂರು ರೂಪಾಯಿ. ಅದು ತಂದೆಯವರ ಒಂದು ದಿನದ ಕೂಲಿಗಿಂತ ಹೆಚ್ಚು. ಅವರು ಏನನ್ನೂ ಕೇಳದೆ ಕೊಟ್ಟರು. ನಾನು ಆ ಕಡತವನ್ನು ಮಿಂಚಂಚೆಯಲ್ಲಿ ಕಳುಹಿಸಿ ನಿಶ್ಚಿಂತನಾದೆ.

ಮಾರನೆಯ ದಿನ ತೆರೆದು ನೋಡಿದರೆ ಪರದೆಯ ತುಂಬ ತಲೆಬುಡವಿಲ್ಲದ ರೋಮನ್ ಅಕ್ಷರಗಳು, ಮೇಲೆ ಕೊಂಬುಗಳು, ಚುಕ್ಕೆಗಳು. ಕನ್ನಡ ಒಂದಕ್ಷರವೂ ಇಲ್ಲ. ಹಳೆಯ ಬಗೆಯ ಅಕ್ಷರವಿನ್ಯಾಸದಲ್ಲಿ ಟೈಪು ಮಾಡಿದ್ದರಂತೆ. ಯೂನಿಕೋಡಿಗೆ ಮುಂಚಿನ ಆ ಪದ್ಧತಿಯಲ್ಲಿ ಕನ್ನಡದ ಅಕ್ಷರಕ್ಕೆ ತನ್ನದೆಂಬ ಸಂಖ್ಯೆಯಿಲ್ಲ. ಅದು ಇಂಗ್ಲಿಷ್ ಅಕ್ಷರದ ಸಂಖ್ಯೆಯನ್ನು ಕಡ ತಂದು, ಕನ್ನಡದ ವೇಷವನ್ನು ತೊಟ್ಟಿರುತ್ತದೆ. ಆ ವೇಷದ ಪೆಟ್ಟಿಗೆ ಇಲ್ಲದ ಇನ್ನೊಂದು ಗಣಕಕ್ಕೆ ಹೋದೊಡನೆ ಬಣ್ಣ ಕಳಚುತ್ತದೆ. ಹೇಗೋ ಮುದ್ರಿತ ಪ್ರತಿಯನ್ನಾದರೂ ಕೊಡೋಣವೆಂದು ಅದನ್ನು ಗಮನವಿಟ್ಟು ಓದಿದೆ. ಆಗ ಕಂಡದ್ದು ಇನ್ನೂ ದೊಡ್ಡ ಪ್ರಮಾದ. ಟೈಪು ಮಾಡಿದವರು, ಪಾಪ, ತಮಗೆ ತಿಳಿಯದ ಮಾತುಗಳನ್ನೆಲ್ಲ ‘ತಿದ್ದಿ’ದ್ದರು. ಏಳು ಕಡೆ ಲಾಳಿಯು ಲಾಲಿಯಾಗಿತ್ತು. ಹಣಿಗೆಯು ಹಣೆಗೆ ಆಗಿತ್ತು. ನನ್ನ ಪ್ರಬಂಧದಲ್ಲಿ ನೇಕಾರನು ಲಾಲಿಯನ್ನು ಎಡದಿಂದ ಬಲಕ್ಕೆ ಎಸೆಯುತ್ತಿದ್ದ. ಗೆಳೆಯರು ನಕ್ಕರು, ನಾನೂ ನಕ್ಕೆ. ಆದರೆ ಆ ರಾತ್ರಿ ನನಗೆ ನಗು ಬರಲಿಲ್ಲ. ತಂದೆಯವರ ಬಾಯಿಂದ ಬಂದ ಮಾತು, ಕಾಗದದ ಮೇಲೆ ಸರಿಯಾಗಿಯೇ ಇದ್ದದ್ದು, ಗಣಕದೊಳಗೆ ಹೋಗುವ ಬಾಗಿಲಿನಲ್ಲಿ ಬೇರೆಯದಾಗಿಬಿಟ್ಟಿತ್ತು. ಆ ಬಾಗಿಲಿನಲ್ಲಿ ನಾನಿರಲಿಲ್ಲ. ತಪ್ಪು ಅಂಗಡಿಯವರದಲ್ಲ, ನನ್ನದು.

ಎರಡನೆಯ ಸಲ ಎಂಟು ನೂರು ಕೇಳಲು ನಾಲಗೆ ಬರಲಿಲ್ಲ. ಚಿಕ್ಕಪ್ಪನ ಮಗನ ಹಳೆಯ ಲ್ಯಾಪ್‌ಟಾಪನ್ನು ಬೇಡಿ ತಂದು, ಒಂದೊಂದು ಬೆರಳಿನಿಂದ ಎಮ್, ಜಿ, ಎಫ್, ಜಿ ಎಂದು ಪ್ರಾರಂಭಿಸಿದೆ. ಮೊದಲ ಪುಟಕ್ಕೆ ಮೂರು ಗಂಟೆ ಹಿಡಿಯಿತು. ಕೊನೆಯ ಪುಟಕ್ಕೆ ಇಪ್ಪತ್ತು ನಿಮಿಷ.

‘ಅದಕ್ಕೇಕೆ ಇಷ್ಟು ಪಡಿಪಾಟಲು, ಕೈಯಲ್ಲಿ ಫೋನಿಲ್ಲವೇ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ನಮ್ಮೆಲ್ಲರ ಜೇಬಿನಲ್ಲೂ ಎನಿಯಾಕ್ ಯಂತ್ರವನ್ನು ನಾಚಿಸುವ ಗಣಕವಿದೆ. ಅದು ಕನ್ನಡವನ್ನು ಬಲ್ಲದು. ಮಾತನಾಡಿದರೆ ಬರೆದೂ ಕೊಡುತ್ತದೆ. ಅದರ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪ್ರಾಮಾಣಿಕವಾಗಿ ಹೇಳೋಣ: ನಮ್ಮಲ್ಲಿ ಎಷ್ಟು ಮಂದಿ ಅದರಲ್ಲಿ ನಾಲ್ಕು ಸಾಲಿಗಿಂತ ಹೆಚ್ಚಿನದನ್ನು ಬರೆದಿದ್ದೇವೆ? ಫೋನಿನಲ್ಲಿ ನಾವು ನೋಡುತ್ತೇವೆ, ಕೇಳುತ್ತೇವೆ, ಬೆರಳಿನಿಂದ ಮೇಲಕ್ಕೆ ತಳ್ಳುತ್ತೇವೆ. ಅದನ್ನು ರೂಪಿಸಿದವರು ನಮ್ಮಿಂದ ನಿರೀಕ್ಷಿಸುವುದೂ ಬಹುಮಟ್ಟಿಗೆ ಅಷ್ಟನ್ನೇ. ಮೂವತ್ತೆರಡು ಪುಟವನ್ನು ಬರೆದು, ಅಡಿಟಿಪ್ಪಣಿ ಹಾಕಿ, ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿ, ತಿದ್ದಿ, ಮತ್ತೆ ತಿದ್ದಬೇಕಾದರೆ ಎದುರಿಗೆ ಕೀಲಿಮಣೆ ಬೇಕು.

ಇನ್ನೊಂದು ಮಾತು. ಪ್ರಶ್ನೆ ಕೇಳಿದರೆ ಉತ್ತರಿಸುವ, ಹೇಳಿದರೆ ಪ್ರಬಂಧವನ್ನೇ ಬರೆದುಕೊಡುವ ಯಂತ್ರಬುದ್ಧಿಯು 2022ರ ಕೊನೆಯಿಂದ ಎಲ್ಲರಿಗೂ ಸಿಕ್ಕುತ್ತಿದೆ. (ನಮ್ಮ ತರಗತಿಯ ಸೆಮಿನಾರು ಪ್ರಬಂಧಗಳು ಇದ್ದಕ್ಕಿದ್ದಂತೆ ಒಂದೇ ಶೈಲಿಗೆ ಬಂದ ರಹಸ್ಯವನ್ನು ಅಧ್ಯಾಪಕರು ಬಲ್ಲರು.) ನಾನೂ ಅಂಥ ಒಂದು ಯಂತ್ರವನ್ನು ಕಂಡಿಕೆ ಎಂದರೇನೆಂದು ಕೇಳಿದೆ. ಕಿಟಕಿ ಎಂದು ಉತ್ತರ ಬಂದಿತು. ಬಹಳ ವಿನಯದಿಂದ ಬಂದಿತು. ಲಾಳಿಯೊಳಗೆ ಕೂರಿಸುವ, ಹೊಕ್ಕಿನ ನೂಲು ಸುತ್ತಿದ ಸಣ್ಣ ಕೊಳವೆಗೆ ಕಂಡಿಕೆ ಎನ್ನುತ್ತಾರೆಂದು ಮಗ್ಗದ ಮನೆಯ ಆರು ವರ್ಷದ ಮಗುವಿಗೂ ಗೊತ್ತು. ಯಂತ್ರವನ್ನು ದೂರಿ ಪ್ರಯೋಜನವಿಲ್ಲ. ಜನರು ಬರೆದಿಟ್ಟದ್ದನ್ನು ಓದಿ ಅದು ಕಲಿಯುತ್ತದೆ. ಬರೆದಿಡದೆ ಇದ್ದದ್ದು ಅದರ ಪಾಲಿಗೆ ಇಲ್ಲ. ಮತ್ತೆ ಅದೇ: ಇದೆ, ಇಲ್ಲ. ಮಗ್ಗದವರ, ಕುಂಬಾರರ, ರಾಗಿ ಬೆಳೆಯುವವರ ಮಾತು ಅದರೊಳಗೆ ‘ಇದೆ’ ಎಂದಾಗಬೇಕಾದರೆ ಅದನ್ನು ಬರೆಯುವವರು ಯಾರು? ಬಿ.ಸಿ.ಎ. ಓದುವ ಗೆಳೆಯರು ಯಂತ್ರವನ್ನು ನಡೆಸಬಲ್ಲರು. ಅದಕ್ಕೆ ಉಣಿಸಬೇಕಾದ ಮಾತು ಇರುವುದು ನಮ್ಮ ಮನೆಗಳಲ್ಲಿ, ಕಲಾ ವಿಭಾಗದ ಈ ಬೆಂಚುಗಳ ಮೇಲೆ ಕೂರುವ, ಮನೆಯಲ್ಲಿ ಮೊದಲ ಬಾರಿಗೆ ಪದವಿಯನ್ನು ಓದುತ್ತಿರುವ ಹುಡುಗ ಹುಡುಗಿಯರ ಮನೆಗಳಲ್ಲಿ.

ಆದಕಾರಣ ನನ್ನ ಕೋರಿಕೆ ಚಿಕ್ಕದು. ಅಧಿಕಪ್ರಸಂಗವೆನ್ನಿಸಿದರೆ ಅಧ್ಯಾಪಕ ಮಹನೀಯರು ಕ್ಷಮಿಸಬೇಕು. ಗಣಕದ ಕೊಠಡಿಯು ಸಂಜೆ ನಾಲ್ಕರಿಂದ ಐದೂವರೆಯವರೆಗೆ ಕಲಾ ವಿಭಾಗದವರಿಗೂ ತೆರೆದಿರಲಿ. ಅಲ್ಲಿಗೆ ಹೋಗಬಾರದೆಂದು ನಮ್ಮನ್ನು ಯಾರೂ ತಡೆದಿಲ್ಲ, ನಿಜ. ಹೋಗಬಹುದೆಂದು ಯಾರೂ ಹೇಳಿಯೂ ಇಲ್ಲ, ನಾವೂ ಕೇಳಿಲ್ಲ. ಮೂರು ವರ್ಷಗಳಲ್ಲಿ ನಾನು ಅದರ ಬಾಗಿಲನ್ನು ದಾಟಿದ್ದು ನಾಲ್ಕು ಸಲ. ಐಚ್ಛಿಕ ಕನ್ನಡದ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಕಿರುಪ್ರಬಂಧವನ್ನು ತಾನೇ ಯೂನಿಕೋಡಿನಲ್ಲಿ ಟೈಪು ಮಾಡಬೇಕೆಂಬ ನಿಯಮವಾದರೆ ಇನ್ನೂ ಒಳ್ಳೆಯದು. ಒಂದು ತಿಂಗಳು ನಮ್ಮ ಗೆಳೆಯರು ನನ್ನನ್ನು ಬೈಯಬಹುದು. ಈ ಸಂಚಿಕೆಯ ಸಂಪಾದಕ ಸಮಿತಿಯವರೂ ಮುಂದಿನ ವರ್ಷದಿಂದ ಕೈಬರಹದ ಲೇಖನಗಳನ್ನು ಅಂಗಡಿಗೆ ಕಳುಹಿಸುವುದನ್ನು ಬಿಟ್ಟು, ಬರೆದವರನ್ನೇ ಕೂರಿಸಿ ಟೈಪು ಮಾಡಿಸಿದರೆ ಎಷ್ಟೋ ಲಾಳಿಗಳು ಲಾಲಿಗಳಾಗುವುದು ತಪ್ಪುತ್ತದೆ.

ಗಣಕ ಬಂದುದರಿಂದ ಎಲ್ಲರಿಗೂ ಒಳ್ಳೆಯದೇ ಆಯಿತೆಂದು ನಾನು ವಾದಿಸುವುದಿಲ್ಲ. ಮೂರು ವರ್ಷಗಳ ಹಿಂದೆ ತಂದೆಯವರ ಷೆಡ್ಡಿಗೆ ಎಲೆಕ್ಟ್ರಾನಿಕ್ ಜಕಾರ್ಡು ಬಂದಿತು. ಈಗ ರಟ್ಟಿನ ಮಾಲೆಯಿಲ್ಲ. ಡಿಸೈನು ಪೆನ್‌ಡ್ರೈವಿನಲ್ಲಿ ಬರುತ್ತದೆ, ಎಳೆಗಳನ್ನು ಎತ್ತುವ ಆಜ್ಞೆಯನ್ನು ಸಣ್ಣ ಸಣ್ಣ ಅಯಸ್ಕಾಂತಗಳು ನಡೆಸುತ್ತವೆ. ಮಗ್ಗದಿಂದ ಹೊರಟ ತೂತು ಜಗತ್ತನ್ನೆಲ್ಲ ಸುತ್ತಿ, ಕಂಪ್ಯೂಟರಾಗಿ, ತಿರುಗಿ ಮಗ್ಗದ ನೆತ್ತಿಗೇ ಬಂದು ಕುಳಿತಿತು. ರಟ್ಟಿಗೆ ತೂತು ಹೊಡೆದು ಕೊಡುತ್ತಿದ್ದ ಯಜಮಾನರೊಬ್ಬರಿದ್ದರು. ಒಂದು ಸೀರೆಯ ಸೆರಗಿಗೆ ಸಾವಿರಾರು ಪಟ್ಟಿಗಳನ್ನು ತಪ್ಪಿಲ್ಲದೆ ಹೊಡೆಯುತ್ತಿದ್ದವರು. ಅವರು ಈಗ ನಾಗರಬಾವಿಯ ಅಪಾರ್ಟ್‌ಮೆಂಟೊಂದರ ಗೇಟಿನಲ್ಲಿ ಕಾವಲಿಗಿದ್ದಾರೆ. ಹೊಸ ಜಕಾರ್ಡಿನ ಪುಟ್ಟ ಪರದೆಯಲ್ಲಿ ಬರುವ ಸೂಚನೆಗಳೆಲ್ಲ ಇಂಗ್ಲಿಷಿನಲ್ಲಿವೆ. ಏನಾದರೂ ತಪ್ಪಿ ಕೆಂಪು ಅಕ್ಷರ ಮೂಡಿದರೆ ತಂದೆಯವರು ಅದರ ಫೋಟೋ ತೆಗೆದು ನನಗೆ ಕಳುಹಿಸುತ್ತಾರೆ. ತರಗತಿಯಲ್ಲಿ ಕುಳಿತು, ಡೆಸ್ಕಿನ ಕೆಳಗೆ ಫೋನನ್ನು ಹಿಡಿದು, ಅದರ ಅರ್ಥವನ್ನು ಕನ್ನಡದಲ್ಲಿ ಬರೆದು ನಾನು ಕಳುಹಿಸಿದ ಮೇಲೆ ಮಗ್ಗ ಮತ್ತೆ ಓಡುತ್ತದೆ. ರಾಜ್ಯಶಾಸ್ತ್ರದ ಅಧ್ಯಾಪಕರು ಒಮ್ಮೆ ಹಿಡಿದು ಬೈದದ್ದು ಈ ಕಾರಣಕ್ಕೆ.

ಈ ಲೇಖನವನ್ನು ನಾನೇ ಟೈಪು ಮಾಡಿದ್ದೇನೆ. ಮೊನ್ನೆ ರಾತ್ರಿ ಎರಡನೆಯ ಪಾಳಿ ಮುಗಿಸಿ ಬಂದ ತಂದೆಯವರು ಕೈಕಾಲು ತೊಳೆದುಕೊಂಡು ನನ್ನ ಪಕ್ಕದಲ್ಲಿ ಕುಳಿತು ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದರು. ಪರದೆಯ ಮೇಲೆ ‘ಮಗ್ಗ’ ಎಂಬ ಮಾತು ಮೂಡಿದಾಗ, ‘ಒತ್ತು ಎಲ್ಲಿಂದ ಬಂತು?’ ಎಂದು ಕೇಳಿದರು. ಎಫ್ ಕೀಲಿಯನ್ನು ತೋರಿಸಿದೆ. ಅವರು ಬಲಗೈಯ ತೋರುಬೆರಳನ್ನು ಪಂಚೆಗೆ ಒರೆಸಿಕೊಂಡು, ಅದನ್ನು ಒಮ್ಮೆ ಒತ್ತಿ ನೋಡಿದರು.